ಬಸುರಿಯ ಚೀಲದಲ್ಲಿ ಎರಡು ಕಾಗದ

ತುಮಕೂರು ಬಳಿಯ ವಸಂತನರಸಾಪುರ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಬಿಡುವ ಹೊತ್ತಿಗೆ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳ ನಡುವೆ ಒಬ್ಬ ಬಸುರಿಯನ್ನು ಕಲ್ಪಿಸಿಕೊಳ್ಳಿ. ಅವಳ ಚೀಲದಲ್ಲಿ ಎರಡು ಕಾಗದಗಳಿವೆ. ಒಂದು, ಆಶಾ ಕಾರ್ಯಕರ್ತೆ ಮಾಡಿಸಿಕೊಟ್ಟ ತಾಯಿ ಕಾರ್ಡ್. ಅದರಲ್ಲಿ ತೂಕ, ಬಿ.ಪಿ., ಹಿಮೋಗ್ಲೋಬಿನ್, ಚುಚ್ಚುಮದ್ದು ಹಾಕಿದ ತಾರೀಕು. ಇನ್ನೊಂದು, ಸಂಜೆ ಕ್ಲಿನಿಕ್ಕಿನ ಡಾಕ್ಟರು ತಲೆನೋವಿಗೆಂದು ಮಾತ್ರೆ ಬರೆದುಕೊಟ್ಟ ಚೀಟಿ. ಈ ಎರಡನ್ನೂ ಒಟ್ಟಿಗೆ ಹಿಡಿದು ಓದಿದವರು ಯಾರೂ ಇಲ್ಲ.

ಅವಳು ಕ್ಲಿನಿಕ್ಕಿಗೆ ಹೋದದ್ದು ತಪ್ಪಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಹಗಲಿನಲ್ಲಿ. ಹಗಲು ಹೋದರೆ ಆ ದಿನದ ಕೂಲಿ ಹೋಗುತ್ತದೆ. ಮನೆಮಂದಿಗೆಲ್ಲ ಜ್ವರ ನೋಡುವ ಡಾಕ್ಟರು ಸಂಜೆ ಸಿಗುತ್ತಾರೆ, ಹೆಸರು ಹಿಡಿದು ಮಾತಾಡಿಸುತ್ತಾರೆ. ಆದರೆ ಎಂಟನೇ ತಿಂಗಳಲ್ಲಿ ಬಿಡದೆ ಕಾಡುವ ತಲೆನೋವು ಬರೀ ತಲೆನೋವಲ್ಲದೆ ಇರಬಹುದು. ಬಿ.ಪಿ. 140/90 ದಾಟಿ, ಮೂತ್ರದಲ್ಲಿ ಪ್ರೋಟೀನ್ ಕಂಡರೆ ಅದು ತಾಯಿಗೂ ಮಗುವಿಗೂ ಅಪಾಯದ ಸೂಚನೆ. ಹಿಂದಿನ ತಿಂಗಳ ಬಿ.ಪಿ. ಎಷ್ಟಿತ್ತೆಂದು ಹೇಳುವ ಕಾರ್ಡು ಚೀಲದಲ್ಲೇ ಉಳಿಯಿತು. ತಲೆನೋವಿನ ಸುದ್ದಿ ಆಸ್ಪತ್ರೆಯ ಸಿಸ್ಟರ್‌ಗೆ ಮುಟ್ಟಲೇ ಇಲ್ಲ.

ಈ ಸೀಮೆಯಲ್ಲಿ ಬಸುರಿಯ ಪೂರ್ತಿ ಕತೆಯನ್ನು ಒಂದೇ ಜೀವ ನೆನಪಿಟ್ಟುಕೊಳ್ಳುತ್ತಿದ್ದ ಕಾಲವೊಂದಿತ್ತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಅಜ್ಜಿಯಿಂದ ವಿದ್ಯೆ ಕಲಿತು, ಕಾಸು ಮುಟ್ಟದೆ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರ್ 25ರಂದು ತೀರಿಕೊಂಡರು. ಆ ಕಾಲವೇ ಮರಳಲಿ ಎಂದು ನಾನು ಹೇಳಲಾರೆ. ರಕ್ತಸ್ರಾವ, ನಂಜು, ಸೆಳವು ಎಷ್ಟು ತಾಯಂದಿರನ್ನು ಕೊಂಡೊಯ್ದವೆಂದು ಹಳ್ಳಿಯ ಹಿರಿಯರಿಗೆ ಗೊತ್ತು. ಆಸ್ಪತ್ರೆ ಹೆರಿಗೆ ಹೆಚ್ಚಿದ ಮೇಲೆ ಕರ್ನಾಟಕದಲ್ಲಿ ತಾಯಂದಿರ ಸಾವು ಲಕ್ಷ ಜೀವಂತ ಜನನಕ್ಕೆ 69ಕ್ಕೆ ಇಳಿಯಿತು. ಇದು 2018–20ರ ಲೆಕ್ಕ. ಆದರೆ ನರಸಮ್ಮನವರ ಎರಡು ಕೈ ಮಾಡುತ್ತಿದ್ದ ಕೆಲಸ ಈಗ ಹತ್ತು ಕೈಗೆ ಹಂಚಿಹೋಗಿದೆ. ಆ ಹತ್ತು ಕೈಗಳ ಪರವಾಗಿ ನೆನಪಿಟ್ಟುಕೊಳ್ಳಬೇಕಾದದ್ದು ತಾಯಿ ಕಾರ್ಡು.

ಚೊಚ್ಚಲು ಬಸುರಿಗೆ ಸೀಮಂತ ಮುಗಿಸಿ ತವರಿಗೆ ಕಳಿಸುವ ನಮ್ಮ ಪದ್ಧತಿಯೂ ಒಂದು ಹಂಚಿಕೆಯೇ. ಆರೇಳು ತಿಂಗಳು ಗಂಡನ ಮನೆಯ ಕಡೆ ತಪಾಸಣೆ, ಹೆರಿಗೆ ತವರಿರುವ ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ. ಹೊಸ ಆಸ್ಪತ್ರೆಯ ದಾದಿಗೆ ಅವಳ ಹೊಟ್ಟೆ ಹೊಸದು, ಹೆಸರು ಹೊಸದು. ವಸಂತನರಸಾಪುರಕ್ಕೆ ದೂರದಿಂದ ದುಡಿಯಲು ಬಂದವರಿಗಂತೂ ತವರು ಬಸ್ಸಿಗೆ ಎಟುಕುವಷ್ಟು ಹತ್ತಿರವಿಲ್ಲ.

ಕಾರ್ಡು ಇಲ್ಲದವಳ ಪಾಡೇನು? 2022ರ ನವೆಂಬರಿನಲ್ಲಿ ತುಮಕೂರಿನಲ್ಲಿ ನಡೆದದ್ದನ್ನು ನೆನೆದರೆ ಇಂದಿಗೂ ಹೊಟ್ಟೆ ಸಂಕಟವಾಗುತ್ತದೆ. ಅವಳಿ ಮಕ್ಕಳ ಬಸುರಿ, ತಮಿಳುನಾಡಿನವಳು, ರಾತ್ರಿ ನೋವೆಂದು ಜಿಲ್ಲಾಸ್ಪತ್ರೆಗೆ ಹೋದಳು. ತಾಯಿ ಕಾರ್ಡ್, ಆಧಾರ್ ಇಲ್ಲವೆಂದು ವಾಪಸ್ ಕಳಿಸಿದರೆಂದು ನೆರೆಹೊರೆಯವರು ದೂರಿದರು. ಬಾಡಿಗೆ ಮನೆಯಲ್ಲೇ ಹೆರಿಗೆಯಾಗಿ ತಾಯಿಯೂ ಹೋದಳು, ಎರಡು ಕೂಸುಗಳೂ ಹೋದವು. ಕರ್ತವ್ಯದಲ್ಲಿದ್ದ ವೈದ್ಯೆ ಮತ್ತು ನರ್ಸ್‌ಗಳು ಅಮಾನತಾದರು. ತುರ್ತಿನಲ್ಲಿ ದಾಖಲೆ ಕೇಳಕೂಡದೆಂದು ಸರ್ಕಾರ ಹೇಳಿತು. ಕೈಯಿಂದ ಕೈಗೆ ಬಸುರಿಯನ್ನು ದಾಟಿಸಲಿಕ್ಕೆಂದು ಇದ್ದ ಕಾರ್ಡು ಬಾಗಿಲಿಗೆ ಅಗಳಿಯಾದದ್ದು ಹೇಗೆ ಎಂದು ಕೇಳುತ್ತಲೇ ಇರಬೇಕಾಗಿದೆ.

ಬ್ರಿಟನ್ನಿನಲ್ಲಿ ಬಹುಕಾಲ ಬಸುರಿ ತನ್ನ ಕಡತವನ್ನು ತಾನೇ ಒಯ್ಯುತ್ತಿದ್ದಳು. ಮನೆ ಡಾಕ್ಟರು, ಆಸ್ಪತ್ರೆಯ ಸೂಲಗಿತ್ತಿ ಇಬ್ಬರೂ ಅದರಲ್ಲೇ ಬರೆಯುತ್ತಿದ್ದರು. ನಮ್ಮ ತಾಯಿ ಕಾರ್ಡಿನ ಗುಣವೂ ಅದೇ, ಬರೆಯುವವರು ಮಾತ್ರ ಒಂದೇ ಕಡೆಯವರು. 2018ರಲ್ಲಿ ಕೇಂದ್ರ ಸರ್ಕಾರ ಸೂಲಗಿತ್ತಿ ಸೇವೆಯ ಮಾರ್ಗಸೂಚಿ ತಂದಿತು: ನರ್ಸ್‌ಗಳಿಗೆ 18 ತಿಂಗಳ ಹೆಚ್ಚಿನ ತರಬೇತಿ, ಸಹಜ ಹೆರಿಗೆ ಅವರ ಕೈಗೆ, ತೊಡಕು ಕಂಡರೆ ವೈದ್ಯರಿಗೆ. ಒಳ್ಳೆಯ ದಾರಿ. ಆದರೆ ಆ ದಾರಿಯಲ್ಲಿ ಸಂಜೆ ಕ್ಲಿನಿಕ್ಕಿನ ಡಾಕ್ಟರಿಗೂ ಜಾಗ ಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಉಚಿತ ತಪಾಸಣೆಗೆ ಖಾಸಗಿ ವೈದ್ಯರೂ ಸ್ವಯಂಸೇವೆಗೆ ಬನ್ನಿ ಎಂದು 2016ರಿಂದಲೇ ಕರೆಯಿದೆ. ಅಲ್ಲಿಗೆ ಬರಲಾಗದಿದ್ದರೂ ತಾವು ಕೊಟ್ಟ ಮಾತ್ರೆ, ನೋಡಿದ ಬಿ.ಪಿ. ಎರಡನ್ನೂ ಕಾರ್ಡಿನಲ್ಲೇ ಬರೆದರೆ ಸಾಕು, ಒಂದು ನಿಮಿಷದ ಕೆಲಸ. ಗಾಬರಿಯಾಗುವಂಥದ್ದಿದ್ದರೆ ಆಶಾಗೆ ಒಂದು ಫೋನು.

ಆಸ್ಪತ್ರೆಯಿಂದಲೂ ಕ್ಲಿನಿಕ್ಕಿಗೆ ಸುದ್ದಿ ಬರಬೇಕು. ಬಾಣಂತನ ಮುಗಿಸಿ ಐದನೇ ತಿಂಗಳಿಗೆ ಕೂಸನ್ನೆತ್ತಿಕೊಂಡು ಅವಳು ಅದೇ ಕ್ಲಿನಿಕ್ಕಿಗೆ ಬರುತ್ತಾಳೆ, ಮಗುವಿಗೆ ನೆಗಡಿ. ಹೆರಿಗೆಯಲ್ಲಿ ಎಷ್ಟು ರಕ್ತ ಹೋಯಿತು, ಬಿ.ಪಿ. ಇಳಿಯಿತೇ, ಕಬ್ಬಿಣದ ಮಾತ್ರೆ ಮುಂದುವರಿಸಬೇಕೇ, ಡಾಕ್ಟರಿಗೆ ಒಂದೂ ಗೊತ್ತಿಲ್ಲ. "ಸಿಸೇರಿಯನ್ನಾ ತಾಯಿ, ನಾರ್ಮಲ್ಲಾ?" ಎಂದು ಅವರು ಮೊದಲಿನಿಂದ ಕೇಳಲು ಶುರುಮಾಡುತ್ತಾರೆ.