ಆರು ಗಂಟೆಗಳ ಗಡುವು

ಹದಿಹರೆಯದ ಬಾಲಕರಿಗೆ ಒಮ್ಮೊಮ್ಮೆ ನಡುರಾತ್ರಿಯಲ್ಲಿ ಒಂದು ಬದಿಯ ವೃಷಣದಲ್ಲಿ ಹಠಾತ್ತನೆ ತೀವ್ರ ನೋವು ಕಾಣಿಸಿಕೊಳ್ಳುತ್ತದೆ. ಜೊತೆಗೆ ವಾಂತಿಯೂ ಆಗಬಹುದು. ಸಂಕೋಚದಿಂದ ‘ಹೊಟ್ಟೆನೋವು’ ಎಂದಷ್ಟೇ ಹೇಳಿ ಬೆಳಗಿನವರೆಗೆ ಸಹಿಸಿಕೊಳ್ಳುವವರುಂಟು. ಆ ಸಂಕೋಚವೇ ಅಪಾಯಕಾರಿ.

ವೃಷಣವು ತನಗೆ ರಕ್ತವನ್ನೊದಗಿಸುವ ನಾಳಗಳೊಡನೆ ತಿರುಚಿಕೊಂಡಾಗ ರಕ್ತಸಂಚಾರ ನಿಲ್ಲುತ್ತದೆ. 6 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದರೆ ವೃಷಣವು ಬಹುಮಟ್ಟಿಗೆ ಉಳಿಯುತ್ತದೆ. 24 ಗಂಟೆ ಕಳೆದರೆ ಉಳಿಯುವುದು ವಿರಳ. ಶಸ್ತ್ರವೈದ್ಯರು ತಿರುಚನ್ನು ಬಿಡಿಸಿ, ಮರುಕಳಿಸದಂತೆ ಎರಡೂ ವೃಷಣಗಳನ್ನು ಹೊಲಿಗೆಯಿಂದ ಭದ್ರಪಡಿಸುತ್ತಾರೆ. ಚೆಂಡಿನ ಪೆಟ್ಟು ಬಿದ್ದು ಒಂದು ಗಂಟೆಯ ನಂತರವೂ ನೋವು ಇಳಿಯದಿದ್ದರೆ, ಬಾವು ಕಂಡರೆ, ಅಲ್ಲಿಯೂ ಇದೇ ತ್ವರೆ ಅಗತ್ಯ.

ಒಂದು ವೃಷಣವನ್ನು ತೆಗೆಯಬೇಕಾಗಿ ಬಂದರೂ ಧೃತಿಗೆಡಬೇಕಾಗಿಲ್ಲ. ಆರೋಗ್ಯವಾಗಿರುವ ಇನ್ನೊಂದು ಸಾಮಾನ್ಯವಾಗಿ ಸಂತಾನಕ್ಕೆ ಸಾಕು. ಪ್ರಾಯಕ್ಕೆ ಬಂದ ಮೇಲೆ ವೀರ್ಯಪರೀಕ್ಷೆ ಮಾಡಿಸಬಹುದು. ಅಗತ್ಯವಾದರೆ ವೀರ್ಯವನ್ನು ಶೀತಲೀಕರಿಸಿ ಕಾದಿರಿಸುವ ಸೌಲಭ್ಯವೂ ಇದೆ.

ಊರಿನಿಂದ ದೂರವಾದ ಮಹಾನಗರದ ಮನೆಗಳಲ್ಲಿ ಇಂತಹ ಮಾತನ್ನಾಡಲು ಸೋದರಮಾವಂದಿರು ಹತ್ತಿರದಲ್ಲಿರುವುದಿಲ್ಲ. ಆದುದರಿಂದ ತಂದೆಯೇ ಮಗನಿಗೆ ಮೊದಲೇ ತಿಳಿಸಿಡುವುದು ಲೇಸು: “ಅಲ್ಲಿ ನೋವಾದರೆ ಎಷ್ಟು ಹೊತ್ತಾಗಿದ್ದರೂ ನನ್ನನ್ನು ಎಬ್ಬಿಸು.” ಎಬ್ಬಿಸಿದೊಡನೆ, ಬೆಳಗಾಗಲೆಂದು ಕಾಯದೆ, ಶಸ್ತ್ರಚಿಕಿತ್ಸೆಯ ಸೌಕರ್ಯವಿರುವ ಆಸ್ಪತ್ರೆಗೆ ನೇರವಾಗಿ ಕರೆದೊಯ್ಯಬೇಕು.