ಹಡಗು ಹಾದಿ ಹದಿನೈದು ಮೈಲಿ ಸರಿದರೆ ಸಾಕು

ನನ್ನ ಬಳಿ ಒಂದು ಛಾಯಾಚಿತ್ರವಿದೆ. ಶ್ರೀಲಂಕಾದ ದಕ್ಷಿಣ ತೀರದ ಮಿರಿಸ್ಸಾ ಎಂಬ ಮೀನುಗಾರರ ಊರಿನಿಂದ ಮಾರ್ಚ್ ತಿಂಗಳ ಒಂದು ಬೆಳಗ್ಗೆ ದೋಣಿ ಹತ್ತಿ ಹೋದಾಗ ತೆಗೆದದ್ದು. ಚಿತ್ರದ ಮುಂಭಾಗದಲ್ಲಿ ನೀಲಿ ತಿಮಿಂಗಿಲದ ಬೆನ್ನು, ಹಿಂಭಾಗದಲ್ಲಿ ಕಂಟೇನರುಗಳನ್ನು ಪೇರಿಸಿಕೊಂಡ ಹಡಗು. ನೋಡಿದವರೆಲ್ಲ ಹಡಗು ನಿಂತಿದೆಯೆಂದೇ ಭಾವಿಸುತ್ತಾರೆ. ಅದು ನಿಂತಿರಲಿಲ್ಲ.

ಅಂದು ಎರಡು ತಾಸು ನಮಗೆ ಏನೂ ಕಂಡಿರಲಿಲ್ಲ. ಸಹಪ್ರಯಾಣಿಕರಲ್ಲಿ ಅರ್ಧದಷ್ಟು ಮಂದಿ ಹೊಟ್ಟೆ ತೊಳಸಿ ಮಲಗಿಬಿಟ್ಟಿದ್ದರು. ಅಷ್ಟರಲ್ಲಿ ದೋಣಿಯ ಹುಡುಗ ಕೈಚಾಚಿದ. ಎಳೆಯ ತೆಂಗಿನ ಮರದೆತ್ತರಕ್ಕೆ ಆವಿಯ ಕಂಬವೊಂದು ಎದ್ದು ಚದುರಿತು. ಅದರ ಹಿಂದೆಯೇ ಬೂದು ನೀಲಿ ಬಣ್ಣದ ಬೆನ್ನು ನೀರಿನ ಮೇಲೆ ಸರಿಯತೊಡಗಿತು. ಚಿಕ್ಕ ನಿಲ್ದಾಣದಲ್ಲಿ ನಿಲ್ಲದೆ ಹೋಗುವ ಎಕ್ಸ್‌ಪ್ರೆಸ್ ರೈಲಿನ ಬೋಗಿಗಳು ಮುಗಿಯುವುದೇ ಇಲ್ಲವೇನೋ ಎನಿಸುವುದಿಲ್ಲವೇ, ಹಾಗೆ. ಬಾಲವೆತ್ತಿ ಅದು ಮುಳುಗಿದ ಮೇಲೆ ಕಣ್ಣೆತ್ತಿ ನೋಡಿದರೆ ದಿಗಂತದುದ್ದಕ್ಕೂ ಹಡಗುಗಳು. ನೆಲಮಂಗಲದ ರಸ್ತೆಯಲ್ಲಿ ಲಾರಿಗಳು ಸಾಲುಗಟ್ಟಿದಂತೆ ಒಂದರ ಹಿಂದೊಂದು. ತಿಮಿಂಗಿಲ ಮುಳುಗಿದ್ದು ಆ ಸಾಲಿನ ಕಡೆಗೇ. ಎದುರಿಗೆ ತಿಮಿಂಗಿಲ ಕಂಡರೆ ಅವು ನಿಲ್ಲಿಸುತ್ತವೆಯೇ ಎಂದು ದೋಣಿಯವನನ್ನು ಕೇಳಿದೆ. ನಿಲ್ಲಬೇಕೆಂದರೂ ನಿಲ್ಲಲು ಅವಕ್ಕೆ ಕೆಲವು ಕಿಲೋಮೀಟರು ಬೇಕು ಎಂದ ಅವನು. ಆ ಎತ್ತರದಿಂದ ಅವರಿಗೆ ಕಾಣುವುದಾದರೂ ಏನು ಎಂದೂ ಸೇರಿಸಿದ.

ಮಿರಿಸ್ಸಾದ ಪೂರ್ವಕ್ಕೆ ಶ್ರೀಲಂಕಾದ ದಕ್ಷಿಣದ ಕಟ್ಟಕಡೆಯ ಭೂಶಿರವಾದ ದೊಂಡ್ರಾ ಇದೆ. ಭಾರತ ಮತ್ತು ಶ್ರೀಲಂಕಾಗಳ ನಡುವಿನ ಪಾಕ್ ಜಲಸಂಧಿ ಆಳವಿಲ್ಲದ ಕಾರಣ ಭಾರೀ ಹಡಗುಗಳು ಅಲ್ಲಿ ನುಗ್ಗಲಾರವು. (2005ರಲ್ಲಿ ಆರಂಭವಾದ ಸೇತುಸಮುದ್ರಂ ಯೋಜನೆ ಅರ್ಧಕ್ಕೇ ನಿಂತ ಕಥೆ ಓದುಗರಿಗೆ ನೆನಪಿರಬಹುದು.) ಹಾಗಾಗಿ ಮಲಕ್ಕಾ ಜಲಸಂಧಿಯಿಂದ ಸೂಯೆಜ್‌ಗೋ ಅರಬ್ಬಿ ಸಮುದ್ರದ ಬಂದರುಗಳಿಗೋ ಹೊರಟ ಹಡಗುಗಳೆಲ್ಲ ದೊಂಡ್ರಾವನ್ನು ಬಳಸಿಕೊಂಡೇ ಸಾಗಬೇಕು. ಹೋಗುವ ಹಡಗಿಗೊಂದು, ಬರುವ ಹಡಗಿಗೊಂದು ಎಂದು ಇಲ್ಲಿ ಎರಡು ಪಥಗಳನ್ನು ನಕ್ಷೆಯಲ್ಲಿ ಗುರುತಿಸಲಾಗಿದೆ. ಜಗತ್ತಿನ ಅತಿ ದಟ್ಟಣೆಯ ಹಡಗು ಹಾದಿಗಳಲ್ಲಿ ಇದೂ ಒಂದು.

ಅದೇ ಜಾಗ ನೀಲಿ ತಿಮಿಂಗಿಲಗಳ ಊಟದ ಮನೆಯೂ ಹೌದು. ಇಲ್ಲಿ ದಂಡೆಗೆ ಬಹು ಸಮೀಪದಲ್ಲೇ ಕಡಲ ತಳ ಥಟ್ಟನೆ ಆಳಕ್ಕಿಳಿಯುತ್ತದೆ. ಮಾನ್ಸೂನ್ ಮಾರುತ ಮತ್ತು ಪ್ರವಾಹಗಳಿಂದಾಗಿ ಆಳದ ಪೋಷಕಾಂಶಗಳು ಮೇಲೆದ್ದು ಬಂದು, ಬೆರಳಿಗಿಂತ ಚಿಕ್ಕ ಸಿಗಡಿಗಳ ದೊಡ್ಡ ದೊಡ್ಡ ಹಿಂಡುಗಳು ಬೆಳೆಯುತ್ತವೆ. 'ತಿಮಿ' ಎಂಬ ಮಹಾಮೀನನ್ನೇ ನುಂಗುವ ಜೀವಿಯೆಂದು ನಮ್ಮ ಪೂರ್ವಿಕರು ಹೆಸರಿಟ್ಟ ಪ್ರಾಣಿ ನುಂಗುವುದು ಈ ಸಿಗಡಿಯನ್ನು. ನೀಲಿ ತಿಮಿಂಗಿಲಗಳು ತಂಪು ಕಡಲಿನಲ್ಲಿ ಉಂಡು, ಬೆಚ್ಚನೆಯ ಕಡಲಿನಲ್ಲಿ ಮರಿಹಾಕಿ, ವರ್ಷಕ್ಕೊಮ್ಮೆ ಸಾವಿರಾರು ಮೈಲಿ ವಲಸೆ ಹೋಗುತ್ತವೆಂಬುದು ಪಠ್ಯಪುಸ್ತಕದ ಮಾತು. 2003ರಲ್ಲಿ ಶ್ರೀಲಂಕಾದ ಆಶಾ ಡಿ ವೋಸ್ ಎಂಬ ಯುವತಿ ಸಂಶೋಧನಾ ಹಡಗೊಂದರಿಂದ ನೋಡುತ್ತಿದ್ದಾಗ ಆರು ನೀಲಿ ತಿಮಿಂಗಿಲಗಳು ಒಟ್ಟಿಗೆ ಕಂಡವು; ಸನಿಹದಲ್ಲಿ ಕೆಂಪು ಬಣ್ಣದ ಲದ್ದಿ ತೇಲುತ್ತಿತ್ತು. ಲದ್ದಿ ಇದೆಯೆಂದರೆ ಉಂಡಿವೆ ಎಂದರ್ಥವಲ್ಲವೇ? ಈ ಬೆಚ್ಚನೆಯ ನೀರಿನಲ್ಲೇ ಉಂಡು, ಹೆತ್ತು, ಇಲ್ಲೇ ಬದುಕುವ ತಿಮಿಂಗಿಲಗಳಿವೆಯೆಂಬ ವಿಚಾರಕ್ಕೆ ಅಲ್ಲಿಂದ ಚಾಲನೆ ದೊರೆಯಿತು. ವಲಸೆ ಹೋಗುವ ತಿಮಿಂಗಿಲವಾದರೆ ಹಡಗು ಹಾದಿಯನ್ನು ವರ್ಷಕ್ಕೆರಡು ಬಾರಿ ದಾಟೀತು. ಇಲ್ಲಿಯದಕ್ಕೆ ಅದು ನಿತ್ಯದ ಗಂಡಾಂತರ.

2012ರ ಮಾರ್ಚಿನಲ್ಲಿ ಕೊಲಂಬೊ ಬಂದರಿಗೆ ಬಂದ ಹಡಗೊಂದರ ಮೂತಿಗೆ ಸತ್ತ ನೀಲಿ ತಿಮಿಂಗಿಲ ಅಡ್ಡಲಾಗಿ ಸಿಕ್ಕಿಕೊಂಡಿತ್ತು. ಆ ಚಿತ್ರ ಜಗತ್ತನ್ನೆಲ್ಲ ಸುತ್ತಿತು. ಹೀಗೆ ಸಿಕ್ಕಿಕೊಂಡು ಬಂದರಿನವರೆಗೆ ಬರುವುದು ಅಪರೂಪ. ಸತ್ತ ನೀಲಿ ತಿಮಿಂಗಿಲ ಸಾಮಾನ್ಯವಾಗಿ ತಳಕ್ಕಿಳಿದು ಹೋಗುವುದರಿಂದ ಎಷ್ಟು ಸತ್ತವೆಂಬ ಲೆಕ್ಕ ಯಾರ ಕೈಗೂ ಸಿಗುವುದಿಲ್ಲ. ಹಡಗಿನ ನಾವಿಕರಿಗೆ ಢಿಕ್ಕಿಯಾದದ್ದು ಗೊತ್ತೇ ಆಗದಿರಬಹುದು.

ಲೆಕ್ಕ ಸಿಗುವುದು ಬೇರೊಂದು ಸಾಗರದಲ್ಲಿ. ಅಮೆರಿಕ ಮತ್ತು ಕೆನಡಾದ ಪೂರ್ವ ತೀರದಲ್ಲಿರುವ 'ರೈಟ್' ತಿಮಿಂಗಿಲ ಸತ್ತ ಮೇಲೆ ತೇಲುತ್ತದೆ. ನಿಧಾನವಾಗಿ ಈಜುತ್ತದೆ, ಸತ್ತರೆ ತೇಲುತ್ತದೆ, ಆದ್ದರಿಂದ ಕೊಲ್ಲಲು 'ಸರಿಯಾದ' ತಿಮಿಂಗಿಲ ಎಂದು ಬೇಟೆಗಾರರು ಆ ಹೆಸರಿಟ್ಟರೆಂದು ಹೇಳುತ್ತಾರೆ. ಬೇಟೆ ನಿಂತು ಒಂಬತ್ತು ದಶಕಗಳಾಗುತ್ತ ಬಂದರೂ ಅವುಗಳ ಸಂಖ್ಯೆ, 2024ರ ಅಂದಾಜಿನಂತೆ, ಸುಮಾರು 380. ತಲೆಯ ಮೇಲಿನ ದಡ್ಡು ಚರ್ಮದ ಗುರುತಿನಿಂದ ಒಂದೊಂದನ್ನೂ ವಿಜ್ಞಾನಿಗಳು ಬಲ್ಲರು. 2017ರ ಒಂದೇ ವರ್ಷದಲ್ಲಿ 17 ಸತ್ತಾಗ, ಅದು ಸಣ್ಣ ಹಳ್ಳಿಯೊಂದಕ್ಕೆ ಮಾರಿ ಬಡಿದಂತಾಗಿತ್ತು. ಸಾವಿಗೆ ಎರಡು ಮುಖ್ಯ ಕಾರಣಗಳು: ಮೀನುಗಾರಿಕೆಯ ಹಗ್ಗಗಳು ಸುತ್ತಿಕೊಳ್ಳುವುದು ಮತ್ತು ಹಡಗುಗಳ ಹೊಡೆತ. ಹಗ್ಗದ ಸಮಸ್ಯೆ ಜಟಿಲ. ಬಡ ಮೀನುಗಾರರ ಹೊಟ್ಟೆಪಾಡು ಅದರಲ್ಲಿ ಸೇರಿದೆ. ಹಡಗಿನದು ಅಷ್ಟು ಜಟಿಲವಲ್ಲ ಎಂಬುದನ್ನು ಆ ತೀರದವರು ತೋರಿಸಿಕೊಟ್ಟಿದ್ದಾರೆ.

ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗು ಹಾದಿ ಈ ತಿಮಿಂಗಿಲಗಳ ಮೇವಿನ ತಾಣದ ಮೇಲೆಯೇ ಹಾದುಹೋಗುತ್ತಿತ್ತು. ವಿಜ್ಞಾನಿಗಳು ತಿಮಿಂಗಿಲಗಳ ನಕ್ಷೆ ಹಿಡಿದು ಹಡಗಿನವರ ಬಳಿಗೆ ಹೋದರು; ಅಲ್ಲಿಯ ದೊಡ್ಡ ತೈಲ ಕಂಪನಿ ಇರ್ವಿಂಗ್ ಕೈಜೋಡಿಸಿತು; ಅಂತರರಾಷ್ಟ್ರೀಯ ಸಾಗರ ಸಂಸ್ಥೆ ಒಪ್ಪಿತು. 2003ರ ಜುಲೈಯಲ್ಲಿ ಹಾದಿ ಕೆಲವು ಮೈಲಿ ಪೂರ್ವಕ್ಕೆ ಸರಿಯಿತು. ಆ ತಾಣದಲ್ಲಿ ಢಿಕ್ಕಿಯ ಅಪಾಯ ಸುಮಾರು ಶೇ 80ರಷ್ಟು ತಗ್ಗಿತೆಂದು ಲೆಕ್ಕ ಹಾಕಲಾಗಿದೆ. ಪ್ರಾಣಿಯೊಂದರ ರಕ್ಷಣೆಗಾಗಿ ಜಗತ್ತಿನ ಹಡಗು ನಕ್ಷೆ ಬದಲಾದದ್ದು ಅದೇ ಮೊದಲು. ಹಾದಿ ಸರಿಸಲಾಗದ ಕಡೆ ವೇಗ ಇಳಿಸಿದರು. 15 ನಾಟ್ ವೇಗದ ಹಡಗು ಬಡಿದರೆ ತಿಮಿಂಗಿಲ ಸಾಯುವ ಸಂಭವ ಸುಮಾರು ಶೇ 80. 9 ನಾಟ್‌ಗಿಂತ ಕೊಂಚ ಕೆಳಗಿಳಿದರೆ ಅದು ಶೇ 20ರ ಆಸುಪಾಸು. 2008ರ ಡಿಸೆಂಬರಿನಿಂದ ಅಮೆರಿಕದ ಪೂರ್ವ ತೀರದ ನಿರ್ದಿಷ್ಟ ಪ್ರದೇಶಗಳಲ್ಲಿ, ನಿರ್ದಿಷ್ಟ ತಿಂಗಳುಗಳಲ್ಲಿ, 65 ಅಡಿ ಮತ್ತು ಅದಕ್ಕಿಂತ ಉದ್ದದ ಹಡಗುಗಳಿಗೆ 10 ನಾಟ್, ಅಂದರೆ ಗಂಟೆಗೆ ಹದಿನೆಂಟೂವರೆ ಕಿಲೋಮೀಟರಿನ ಮಿತಿ ಬಂತು. ಚಿಕ್ಕ ದೋಣಿಗಳಿಗೂ ಅದನ್ನು ವಿಸ್ತರಿಸುವ ಪ್ರಸ್ತಾವ ಮಾತ್ರ 2025ರ ಜನವರಿಯಲ್ಲಿ ಹಿಂತೆಗೆಯಲ್ಪಟ್ಟಿತು.

ಹಾದಿ, ವೇಗ ಎಂದು ಇಷ್ಟು ಒದ್ದಾಡುವ ಬದಲು ತಿಮಿಂಗಿಲಕ್ಕೇ ಎಚ್ಚರಿಕೆ ಕೊಡಬಾರದೇಕೆ? ಲಾರಿಯವನು ಹಾರ್ನ್ ಒತ್ತಿ ದನ ಓಡಿಸುವ ನಾಡಿನವರಾದ ನಮಗೆ ಮೊದಲು ಹೊಳೆಯುವುದೇ ಇದು. ವಿಜ್ಞಾನಿಗಳೂ ಅದನ್ನು ಯತ್ನಿಸಿದರು. 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ನೀರಿನೊಳಗೆ ಅಲಾರಂ ಸದ್ದು ಕೇಳಿಸಿದಾಗ ಆರರಲ್ಲಿ ಐದು ರೈಟ್ ತಿಮಿಂಗಿಲಗಳು ಮೇವು ಬಿಟ್ಟು ನೇರ ಮೇಲಕ್ಕೆ ಧಾವಿಸಿ, ನೀರಿನ ಮೇಲ್ಪದರದಲ್ಲೇ ಉಳಿದವು. ಹಡಗಿನ ಮೂತಿ ತಾಗುವುದು ಅಲ್ಲಿಯೇ! ಹಡಗಿನ ಸದ್ದಿನ ಧ್ವನಿಮುದ್ರಣ ಕೇಳಿಸಿದರೆ ಅವು ಅಲುಗಲೇ ಇಲ್ಲ. ಆ ಗದ್ದಲಕ್ಕೆ ಅವು ಅಷ್ಟು ಒಗ್ಗಿಹೋಗಿದ್ದವು.

ಗದ್ದಲವೇ ಈ ಸಮಸ್ಯೆಯ ಇನ್ನೊಂದು ಮುಖ. ಕಡಲಿನಲ್ಲಿ ಬೆಳಕು ಇನ್ನೂರು ಮೀಟರ್ ಇಳಿಯುವಷ್ಟರಲ್ಲಿ ಬತ್ತುತ್ತದೆ. ಸದ್ದು ಗಾಳಿಗಿಂತ ನಾಲ್ಕೂವರೆ ಪಟ್ಟು ವೇಗದಲ್ಲಿ, ನೂರಾರು ಮೈಲಿ ಸಾಗುತ್ತದೆ. ಆದ್ದರಿಂದ ತಿಮಿಂಗಿಲದ ಬಾಳೆಲ್ಲ ಕಿವಿಯ ಮೇಲೆ ನಿಂತಿದೆ. ಸಂಗಾತಿಯನ್ನು ಕರೆಯುವುದು, ಮರಿಯನ್ನು ಹುಡುಕುವುದು ಎಲ್ಲವೂ ಮಂದ್ರ ಸ್ವರದಲ್ಲಿ. ದುರದೃಷ್ಟವಶಾತ್ ಹಡಗಿನ ಶ್ರುತಿಯೂ ಅದೇ. ಪ್ರೊಪೆಲರ್ ರಭಸದಿಂದ ತಿರುಗುವಾಗ ಅದರ ಅಲಗಿನ ಬಳಿ ಅಸಂಖ್ಯ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಹಡಗಿನ ಗದ್ದಲದ ಬಹುಪಾಲು ಈ ಗುಳ್ಳೆಗಳದ್ದು. ಕ್ಯಾಲಿಫೋರ್ನಿಯಾ ತೀರದಾಚೆಯ ಒಂದು ತಾಣದಲ್ಲಿ 1960ರ ದಶಕದಿಂದ ಸುಮಾರು ನಲವತ್ತು ವರ್ಷಗಳಲ್ಲಿ ಮಂದ್ರ ಸ್ವರದ ಗದ್ದಲ 10ರಿಂದ 12 ಡೆಸಿಬೆಲ್ ಏರಿತ್ತು. ಡೆಸಿಬೆಲ್ ಲೆಕ್ಕ ನಮ್ಮ ಕೂಡು-ಕಳೆಯುವ ಲೆಕ್ಕದಂತಲ್ಲ. ಮೂರು ಏರಿದರೆ ಸದ್ದಿನ ಶಕ್ತಿ ಇಮ್ಮಡಿ, ಹತ್ತು ಏರಿದರೆ ಹತ್ತು ಪಟ್ಟು.

ಈ ಗದ್ದಲ ತಿಮಿಂಗಿಲದ ಮೈಗೆ ಏನು ಮಾಡುತ್ತದೆಂಬುದು ಗೊತ್ತಾದದ್ದು ಒಂದು ಮಹಾದುರಂತದ ನೆರಳಿನಲ್ಲಿ. 2001ರ ಸೆಪ್ಟೆಂಬರ್ 11ರಂದು ನ್ಯೂಯಾರ್ಕ್ ಮೇಲೆ ದಾಳಿಯಾದ ನಂತರ ಫಂಡಿ ಕೊಲ್ಲಿಯಲ್ಲಿ ಹಡಗು ಸಂಚಾರ ಇಳಿಯಿತು. ಬೇರೆ ಕೆಲಸಕ್ಕೆಂದು ಆ ದಿನಗಳಲ್ಲಿ ಅಲ್ಲಿ ಒಂದು ತಂಡ ನೀರಿನ ಸದ್ದನ್ನು ಮುದ್ರಿಸಿಕೊಳ್ಳುತ್ತಿತ್ತು. ರೋಸಲಿಂಡ್ ರೋಲೆಂಡ್ ಅವರ ತಂಡ ತಿಮಿಂಗಿಲಗಳ ಲದ್ದಿಯನ್ನು ಸಂಗ್ರಹಿಸುತ್ತಿತ್ತು. ತೇಲುವ ಲದ್ದಿಯ ವಾಸನೆ ಹಿಡಿಯಲು ದೋಣಿಯ ಮುಂದೆ ತರಬೇತಾದ ನಾಯಿಗಳೂ ಇರುತ್ತಿದ್ದವು. ವರ್ಷಗಳ ನಂತರ ಎರಡೂ ದಾಖಲೆಗಳನ್ನು ಜೋಡಿಸಿದಾಗ ಕಂಡದ್ದಿಷ್ಟು: ಗದ್ದಲ 6 ಡೆಸಿಬೆಲ್ ಇಳಿದಿತ್ತು, ಜೊತೆಗೆ ಲದ್ದಿಯಲ್ಲಿದ್ದ, ದೇಹದ ಒತ್ತಡವನ್ನು ಸೂಚಿಸುವ ಹಾರ್ಮೋನಿನ ಪ್ರಮಾಣವೂ ಇಳಿದಿತ್ತು. ಮುಂದಿನ ನಾಲ್ಕು ವರ್ಷಗಳ ಅದೇ ತಿಂಗಳಲ್ಲಿ ಅಂತಹ ಇಳಿಕೆ ಕಾಣಲಿಲ್ಲ. 2012ರಲ್ಲಿ ಪ್ರಕಟವಾದ ಈ ಅಧ್ಯಯನದ ಮಾದರಿಗಳು ಕಡಿಮೆಯೆಂಬ ಆಕ್ಷೇಪ ಇರಬಹುದು. ಆದರೆ ಮತ್ತೆ ಪರೀಕ್ಷಿಸಲು ಹಡಗುಗಳನ್ನೆಲ್ಲ ನಿಲ್ಲಿಸುವವರು ಯಾರು?

ಢಿಕ್ಕಿ, ಗದ್ದಲ ಎರಡಕ್ಕೂ ಮದ್ದು ಒಂದೇ ಎಂಬುದು ಇಲ್ಲಿಯ ಸಮಾಧಾನದ ಸಂಗತಿ. ಜಗತ್ತಿನ ಹಡಗುಗಳ ವೇಗ ಶೇ 10ರಷ್ಟು ಇಳಿದರೆ ಗದ್ದಲದ ಶಕ್ತಿ ಸುಮಾರು ಶೇ 40, ಢಿಕ್ಕಿಯ ಅಪಾಯ ಸುಮಾರು ಶೇ 50, ಇಂಗಾಲದ ಹೊಗೆ ಸುಮಾರು ಶೇ 13ರಷ್ಟು ತಗ್ಗೀತೆಂದು ರಸ್ಸೆಲ್ ಲೀಪರ್ 2019ರಲ್ಲಿ ಅಂದಾಜು ಮಾಡಿದರು. ಉಳಿಯುವ ಇಂಧನದ ಹಣ ಹಡಗಿನ ಮಾಲೀಕರದ್ದೇ.

ದೊಂಡ್ರಾ ಕಡಲಿನಲ್ಲೂ ಇದೇ ಲೀಪರ್ ಮತ್ತು ಶ್ರೀಲಂಕಾದ ಟಿಕಿರಿ ಪ್ರಿಯದರ್ಶನ ಮೊದಲಾದವರು ತಿಮಿಂಗಿಲಗಳನ್ನೂ ಹಡಗುಗಳನ್ನೂ ಎಣಿಸಿದ್ದಾರೆ. ಹಾದಿಯನ್ನು 15 ನಾಟಿಕಲ್ ಮೈಲಿ, ಅಂದರೆ 28 ಕಿಲೋಮೀಟರಿನಷ್ಟು ದಕ್ಷಿಣಕ್ಕೆ ಸರಿಸಿದರೆ ಅಪಾಯ ಶೇ 95ರಷ್ಟು ತಗ್ಗುತ್ತದೆಂಬುದು 2016ರಲ್ಲಿ ಪ್ರಕಟವಾದ ಅವರ ಲೆಕ್ಕ. ಸಾವಿರಾರು ಮೈಲಿಯ ಪ್ರಯಾಣಕ್ಕೆ ಇದರಿಂದ ಕೂಡುವ ದೂರ ಕೆಲವೇ ಮೈಲಿ. ಹಡಗುಗಳಡಿ ಸಿಲುಕುವ ಭಯದಲ್ಲೇ ಬಲೆ ಬೀಸುವ ಸಣ್ಣ ಮೀನುಗಾರರಿಗೂ ಇದು ಉಪಕಾರವೇ. ಹಡಗು ಉದ್ಯಮದ ಜಾಗತಿಕ ಒಕ್ಕೂಟವೂ ಇದಕ್ಕೆ ಬೆಂಬಲ ನೀಡಿದೆ. ಜಗತ್ತಿನ ಅತಿ ದೊಡ್ಡ ಕಂಟೇನರ್ ಕಂಪನಿ ಎಂಎಸ್‌ಸಿ 2022ರಲ್ಲಿ ತಾನಾಗಿಯೇ ತನ್ನ ಹಡಗುಗಳನ್ನು ದಕ್ಷಿಣಕ್ಕೆ ತಿರುಗಿಸಿತು. ಆದರೆ ಅಧಿಕೃತ ಹಾದಿ ಬದಲಾಗಬೇಕಾದರೆ ಶ್ರೀಲಂಕಾ ಸರ್ಕಾರವೇ ಅಂತರರಾಷ್ಟ್ರೀಯ ಸಾಗರ ಸಂಸ್ಥೆಯ ಮುಂದೆ ಪ್ರಸ್ತಾವ ಇಡಬೇಕು. ಹಡಗುಗಳು ದೂರ ಸರಿದರೆ ತನ್ನ ಬಂದರುಗಳ ವ್ಯಾಪಾರವೂ ಸರಿದೀತೆಂಬ ಅಂಜಿಕೆ, ಸಾಲದಲ್ಲಿ ಮುಳುಗೆದ್ದ ಆ ದೇಶಕ್ಕೆ ಇದ್ದರೆ ನಾನು ಅದನ್ನು ಹಗುರವಾಗಿ ಕಾಣಲಾರೆ.

ನಮಗೂ ಇದಕ್ಕೂ ಏನು ಸಂಬಂಧವೆಂದು ಕೇಳಬಹುದು. ನಮ್ಮ ಪತ್ರಿಕೆಗಳಲ್ಲಿ ತಿಮಿಂಗಿಲ ಸುದ್ದಿಯಾಗುವುದು ಅದರ 'ವಾಂತಿ' ಮಾರಲು ಹೋದವರು ಪೊಲೀಸರ ಕೈಗೆ ಸಿಕ್ಕಾಗ, ಇಲ್ಲವೇ ಕರಾವಳಿಯ ಮರಳಿಗೆ ಕಳೇಬರ ಬಂದು ಬಿದ್ದು ನಾರತೊಡಗಿದಾಗ. ಆದರೆ ಉಡುಪಿ ಜಿಲ್ಲೆಯ ಎಲ್ಲೂರಿನ ಉಷ್ಣವಿದ್ಯುತ್ ಸ್ಥಾವರ ನಡೆಯುವುದು ಆಮದು ಕಲ್ಲಿದ್ದಲಿನಿಂದ. ಅದು ಇಳಿಯುವುದು ನವಮಂಗಳೂರು ಬಂದರಿನಲ್ಲಿ. ಇಂಡೊನೇಷ್ಯಾದಿಂದ ಹೊರಟ ಕಲ್ಲಿದ್ದಲಿನ ಹಡಗಿಗೆ ಮಂಗಳೂರಿನ ದಾರಿ ದೊಂಡ್ರಾದ ಮುಂದಿನಿಂದಲೇ. ಅದೇ ಬಂದರಿಗೆ ಬರುವ ತಾಳೆ ಎಣ್ಣೆಯ ದಾರಿಯೂ ಅದೇ. ನನ್ನ ಮನೆಯ ಫ್ಯಾನು, ಬೀದಿ ಬದಿಯ ಬಜ್ಜಿಯ ಬಾಣಲೆ ಎರಡೂ ಆ ಛಾಯಾಚಿತ್ರದ ಹಿಂಭಾಗದಲ್ಲಿವೆ.

ಆದ್ದರಿಂದ ಕೊಲಂಬೊ ನಿರ್ಧರಿಸಲಿ ಎಂದು ಕಾಯಬೇಕಾಗಿಲ್ಲ. ಕಲ್ಲಿದ್ದಲನ್ನೋ ಎಣ್ಣೆಯನ್ನೋ ತರಿಸುವವರು ಹಡಗನ್ನು ಬಾಡಿಗೆಗೆ ಹಿಡಿಯುವಾಗ ಕರಾರು ಪತ್ರವೊಂದು ಇದ್ದೇ ಇರುತ್ತದೆ. ದೊಂಡ್ರಾ ಬಳಿ ಈಗಿನ ಹಾದಿಗಿಂತ ಹದಿನೈದು ಮೈಲಿ ದಕ್ಷಿಣದಲ್ಲಿ ಸಾಗಬೇಕೆಂಬ ಒಂದು ಸಾಲನ್ನು ಅದರಲ್ಲಿ ಸೇರಿಸಲು ಯಾವ ಅಂತರರಾಷ್ಟ್ರೀಯ ಸಭೆಯ ಒಪ್ಪಿಗೆಯೂ ಬೇಡ. ವಿದ್ಯುತ್ ಖರೀದಿಸುವ ನಮ್ಮ ಸರ್ಕಾರಿ ಕಂಪನಿಗಳು ಕೇಳಬಹುದು, ಬಂದರಿನ ಆಡಳಿತ ಕೇಳಬಹುದು. ಭಾರತದ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ತಿಮಿಂಗಿಲಕ್ಕೆ ಹುಲಿಯಷ್ಟೇ ಉನ್ನತ ಸ್ಥಾನವಿದೆ. ಕೇಳುವ ನೈತಿಕ ಹಕ್ಕಿಗೆ ಅಷ್ಟು ಸಾಲದೇ?

ಒಂದು ತಪ್ಪೊಪ್ಪಿಗೆ. ಅಂದು ಆ ತಿಮಿಂಗಿಲದ ಸುತ್ತ ನಮ್ಮದೂ ಸೇರಿ ಒಂಬತ್ತು ದೋಣಿಗಳಿದ್ದವು. ಅದು ಮುಳುಗಿದೊಡನೆ, ಮತ್ತೆಲ್ಲಿ ಏಳುವುದೆಂದು ಊಹಿಸಿ ಒಂಬತ್ತೂ ದೋಣಿಗಳು ಇಂಜಿನ್ ಚಾಲೂ ಮಾಡಿ ಓಡಿದವು. ದೂರ ಇರಬೇಕೆಂಬ ನಿಯಮ ಅಲ್ಲಿದೆ. ಹತ್ತಿರ ಹೋಗಿ ಎಂದು ಕೂಗಿದವರಲ್ಲಿ ನಾನೂ ಇದ್ದೆ. ಎಂಟು ಹತ್ತು ನಿಮಿಷಗಳ ನಂತರ ಅದು ಎದ್ದದ್ದು ನಮ್ಮಿಂದ ಬಹಳ ಆಚೆ, ಹಡಗುಗಳ ಸಾಲಿನ ಅಂಚಿನಲ್ಲಿ. ಅಲ್ಲಿಗೆ ದೋಣಿ ಒಯ್ಯಲು ನಮ್ಮ ದೋಣಿಯವನು ಒಪ್ಪಲಿಲ್ಲ.