ಸ್ಟೇಬಲ್ ಜೊತೆ ಟೆಸ್ಟಿಂಗ್ ಬೆರೆಸೋ ಮುಂಚೆ

ಮಧುಗಿರಿ, ಶಿರಾ ಕಡೆ ಡೆಬಿಯನ್ ಬಳಸೋ ಗೆಳೆಯರೇ, ಸ್ಟೇಬಲ್ ಕಂಪ್ಯೂಟರ್‌ಗೆ ಒಂದೇ ಒಂದು ಪ್ಯಾಕೇಜ್ ಹೊಸದು ಬೇಕಾ? ಅದಕ್ಕೋಸ್ಕರ ಟೆಸ್ಟಿಂಗ್ ರೆಪೊಸಿಟರಿಯನ್ನ ಸುಮ್ನೆ ಸೇರಿಸಿಬಿಟ್ರೆ, ಮುಂದಿನ ಅಪ್‌ಗ್ರೇಡ್‌ನಲ್ಲಿ ಇಡೀ ಸಿಸ್ಟಮ್ಮೇ ಟೆಸ್ಟಿಂಗ್ ಕಡೆ ಜಾರುತ್ತೆ. ಯಾಕಂದ್ರೆ ಎರಡಕ್ಕೂ ಆದ್ಯತೆ 500. ಆದ್ಯತೆ ಸಮ ಇದ್ರೆ ಆಪ್ಟ್ ಹೊಸ ಆವೃತ್ತಿಯನ್ನೇ ಎತ್ಕೊಳ್ಳುತ್ತೆ.

ಅದಕ್ಕೇ ಪಿನ್ನಿಂಗ್ ಮಾಡಿ. ಆಪ್ಟ್‌ನ ಪ್ರಿಫರೆನ್ಸಸ್ ಫೈಲ್‌ನಲ್ಲಿ ಟೆಸ್ಟಿಂಗ್‌ಗೆ 100 ಕೊಡಿ. ಆಮೇಲೆ ಬೇಕಾದ ಪ್ಯಾಕೇಜನ್ನ ‘ಹೈಫನ್ ಟಿ ಟೆಸ್ಟಿಂಗ್’ ಹಾಕಿ ಕೇಳಿ. ಅದರ ಲೈಬ್ರರಿಗಳೂ ಜೊತೆಗೆ ಬರ್ತವೆ, ಹಾಗಾಗಿ ವೈ ಒತ್ತೋ ಮುಂಚೆ ಪಟ್ಟಿ ಪೂರ್ತಿ ಓದಿ. ಅದರಲ್ಲಿ ಲಿಬ್‌ಸಿ6 ಕಂಡ್ರೆ ಎನ್ ಒತ್ತಿ! ಸಿಸ್ಟಮ್‌ನ ಬಹುಪಾಲು ಪ್ಯಾಕೇಜ್‌ಗಳು ಅದರ ಮೇಲೇ ನಿಂತಿವೆ.

ಗುಬ್ಬಿ, ನವಿಲು ಕನ್ನಡ ಫಾಂಟ್‌ಗಳಿಗೆ ಈ ತಾಪತ್ರಯ ಇಲ್ಲ, ಸ್ಟೇಬಲ್‌ನಲ್ಲೇ ಸಿಗ್ತವೆ. ಬೇರೆ ಏನೇ ಬೇಕಿದ್ರೂ ಮೊದಲು ಬ್ಯಾಕ್‌ಪೋರ್ಟ್ಸ್‌ನಲ್ಲಿ ಹುಡುಕಿ. ಅಲ್ಲಿರೋದು ಸ್ಟೇಬಲ್‌ಗಾಗಿಯೇ ಕಟ್ಟಿದ್ದು.